ಗುಮ್ಮಟದ ಊರಿನ ಜೋಳ, ದ್ರಾಕ್ಷಿ ಮತ್ತು ನೀರು

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ಹತ್ತಿ, ಇಬ್ರಾಹಿಂ ರೋಜಾ ನೋಡಿ ಹೊರಟುಬಿಡುತ್ತಾರೆ. ಈ ಊರು ಬದುಕಿದ ಬಗೆ ತಿಳಿಯಬೇಕಾದರೆ ತೊರವಿ ರಸ್ತೆಗೂ ಹೋಗಬೇಕು, ಎಪಿಎಂಸಿಗೂ ಹೋಗಬೇಕು.

ಹತ್ತಿರದಲ್ಲಿ ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ಬಯಲಿನಲ್ಲಿ ಆದಿಲ್‌ಶಾಹಿಗಳು ರಾಜಧಾನಿ ಕಟ್ಟಿದರು. ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆಸಿ, ಇಳಿಜಾರನ್ನೇ ನಂಬಿ ಊರಿಗೆ ನೀರು ತಂದರು. ಸುರಂಗದ ಉದ್ದಕ್ಕೂ ಗಾಳಿ, ಬೆಳಕಿಗೆ ಬಾವಿಯಂಥ ಬಾಯಿಗಳು. 1651ರಲ್ಲಿ ಬೇಗಂ ತಲಾಬ್ ಎಂಬ ಕೆರೆ ಆಯಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಬಂದ ನೀರಿನ ಒತ್ತಡ ತಗ್ಗಿಸಲು ಗಂಜ್ ಎಂಬ ಗೋಪುರಗಳು. ಗುಮ್ಮಟಕ್ಕೆ ಸಿಗುವ ಮರ್ಯಾದೆ ಈ ಕಾಮಗಾರಿಗೂ ಸಿಗಬೇಕು. ಮಣ್ಣು, ಕಸ ತುಂಬಿ ಮುಚ್ಚಿಹೋದ ಸುರಂಗದ ಬಾಯಿಗಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

1686ರಲ್ಲಿ ಔರಂಗಜೇಬ ಊರನ್ನು ಗೆದ್ದ ಮೇಲೆ ಆಸ್ಥಾನ ಹೋಯಿತು, ಎರೆಹೊಲ ಉಳಿಯಿತು. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎನ್ನುತ್ತಾರೆ ಡೋಣಿ ಹೊಳೆಯ ಬಗ್ಗೆ ಇಲ್ಲಿಯವರು. ಹಿಂಗಾರಿ ಬಿಳಿಜೋಳ ಮಣ್ಣಿನಲ್ಲಿ ಉಳಿದ ಹಸಿಯನ್ನೇ ಕುಡಿದು ಚಳಿಯಲ್ಲಿ ತೆನೆಗಟ್ಟುತ್ತದೆ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಬರುತ್ತಾರೆ. ಇಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದದ್ದು 1930ರ ದಶಕದಲ್ಲಿ.

ಆಮೇಲೆ ದ್ರಾಕ್ಷಿ ಬಂತು. ತಿಕೋಟಾ, ಬಬಲೇಶ್ವರದ ಕಡೆ ಈಗ ಮಾತೆಲ್ಲ ಚಾಟ್ನಿಯದೇ, ಅಂದರೆ ಬಳ್ಳಿ ಸವರುವುದರದೇ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಬಳ್ಳಿ ಸವರುತ್ತಾರೆ. ಎರಡನೆಯ ಸವರಿಕೆಯ ಹಣ್ಣು ಬೇಸಿಗೆಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಒಣದ್ರಾಕ್ಷಿ ಮಾಡಲು ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಬಿಸಿಗಾಳಿ ಎರಡು ವಾರದ ಆಸುಪಾಸಿನಲ್ಲಿ ಉಳಿದ ಕೆಲಸ ಮುಗಿಸುತ್ತದೆ. ನಾಲ್ಕು ಕಿಲೋ ಹಣ್ಣು ಒಣಗಿದರೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಆ ದಿನಗಳಲ್ಲಿ ಮೋಡ ಕವಿದು ಮಳೆ ಹನಿದರೆ ಬಣ್ಣ ಕಪ್ಪಾಗಿ ದರ ಬೀಳುತ್ತದೆ. ಬೇರೆ ಬೆಳೆಗಾರರು ಕಾಯುವ ಮಳೆಗೆ ಇವರು ಹೆದರುತ್ತಾರೆ.

ಈ ತೋಟಗಳಿಗೂ ನೀರಿನದೇ ಚಿಂತೆ. ಕೊಳವೆಬಾವಿಗಳು ಆಳಕ್ಕಿಳಿದು ಬತ್ತಿದ ಮೇಲೆ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರನ್ನು ಏತ ನೀರಾವರಿಯಿಂದ ಎತ್ತಿ ಕೆರೆ ತುಂಬಿಸುವ ಕೆಲಸ ನಡೆದಿದೆ. ಕೆರೆ ತುಂಬಿದ ಊರುಗಳಲ್ಲಿ ಸುತ್ತಲಿನ ಬಾವಿಗಳಿಗೂ ಮತ್ತೆ ಸೆಲೆ ಬರುತ್ತದೆ.