‘ಥಟ್’ ಎನ್ನುವುದರ ಹಿಂದಿನ ತಡ

ಟೆಲಿವಿಷನ್ ಪತ್ರಕರ್ತ ಮತ್ತು ರಸಪ್ರಶ್ನೆ ಕಾರ್ಯಕ್ರಮದ ನಿರೂಪಕ, ಇಬ್ಬರ ಕಸುಬೂ ಪ್ರಶ್ನೆ ಕೇಳುವುದೇ ಆದರೂ ಇಬ್ಬರೂ ಕೇಳುವ ಪ್ರಶ್ನೆಗಳು ಒಂದೇ ಜಾತಿಯವಲ್ಲ. ಪತ್ರಕರ್ತನು ತನಗೆ ತಿಳಿಯದ್ದನ್ನು ತಿಳಿದುಕೊಳ್ಳಲು ಕೇಳಿದರೆ, ನಿರೂಪಕನು ತನ್ನ ಕೈಯಲ್ಲಿ ಆಗಲೇ ಇರುವ ಉತ್ತರವು ಎದುರಿಗೆ ಕುಳಿತವರ ನೆನಪಿನಲ್ಲಿದೆಯೇ ಎಂದು ಕೇಳುತ್ತಾನೆ. ಆದರೆ ಕ್ಯಾಮೆರಾದ ಮುಂದೆ ಬಾಯಿಂದ ಹೊರಡುವ ಪ್ರತಿಯೊಂದು ಸಂಗತಿಯನ್ನೂ ಮೊದಲೇ ಪರಿಶೀಲಿಸಿರಬೇಕು, ತಪ್ಪಾದರೆ ಸಾವಿರಾರು ಮನೆಗಳಲ್ಲಿ ಏಕಕಾಲಕ್ಕೆ ತಪ್ಪಾಗುತ್ತದೆ ಎಂಬ ಹೊಣೆ ಇಬ್ಬರ ಮೇಲೂ ಸಮನಾಗಿರುವುದರಿಂದ, ಜಗತ್ತಿನ ಹಲವು ದೇಶಗಳಲ್ಲಿ ಸುದ್ದಿಮನೆಯಲ್ಲಿ ಪಳಗಿದವರೇ ರಸಪ್ರಶ್ನೆಯ ಪೀಠಕ್ಕೆ ಬಂದು ಕುಳಿತಿದ್ದಾರೆ. ಕನ್ನಡದಲ್ಲಿ ಆ ಪೀಠಕ್ಕೆ ಬಂದವರು ಒಬ್ಬ ವೈದ್ಯರು, ‘ಜೀವನಾಡಿ’ ಎಂಬ ಆರೋಗ್ಯ ಮಾಸಪತ್ರಿಕೆಯನ್ನು ಸಂಪಾದಿಸಿದ ವಿಜ್ಞಾನ ಲೇಖಕರು, ಡಾ. ನಾ. ಸೋಮೇಶ್ವರ. 2002ರ ಜನವರಿಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಅವರ ಹೆಸರಿನಿಂದ ಬೇರ್ಪಡಿಸಲಾಗದಷ್ಟು ಅವರದೇ ಆಗಿದೆ.

ಈ ಕಾರ್ಯಕ್ರಮದ ಬೆಲೆಯನ್ನು ಬೆಂಗಳೂರಿನ ಸ್ಟುಡಿಯೊದಿಂದ ಅಳೆಯುವುದಕ್ಕಿಂತ, ಕೊಪ್ಪಳ ನಗರಕ್ಕೆ ಅಂಟಿಕೊಂಡಿರುವ, ಕೈಮಗ್ಗದ ಸೀರೆಗಳಿಗೂ ಕೂದಲು ಸಂಸ್ಕರಣೆಯ ಉದ್ಯಮಕ್ಕೂ ಹೆಸರಾದ ಭಾಗ್ಯನಗರದಂಥ ಊರಿನಿಂದ ಅಳೆಯುವುದು ಹೆಚ್ಚು ಸರಿ. ಈ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದು. ಮನೆಯಲ್ಲಿ, ಸಂತೆಯಲ್ಲಿ, ಮಗ್ಗದ ಗುಂಡಿಯಲ್ಲಿ ಕನ್ನಡವಾಡುವ ಮನುಷ್ಯನಿಗೆ ಇತಿಹಾಸ, ಭೂಗೋಳ, ವಿಜ್ಞಾನಗಳು ಕನ್ನಡದಲ್ಲಿ ದೊರೆಯುವುದು ಸಹಜ ಹಕ್ಕಾಗಿರಲಿಲ್ಲ, ಅದು ತಡವಾಗಿ ಬಂದ ಸೌಲಭ್ಯವಾಗಿತ್ತು. ವಿದ್ವತ್ತಿನ ಎಲ್ಲ ಶಾಖೆಗಳನ್ನೂ ಕನ್ನಡದಲ್ಲೇ ಕೇಳಿ ಕನ್ನಡದಲ್ಲೇ ಉತ್ತರ ಪಡೆಯುವ ಒಂದು ಕಾರ್ಯಕ್ರಮ, ಕೇಬಲ್ ಶುಲ್ಕವಿಲ್ಲದೆಯೂ ಸಿಗುವ ಸರ್ಕಾರಿ ವಾಹಿನಿಯಲ್ಲಿ ವರ್ಷಗಟ್ಟಲೆ ನಡೆದುದರ ಅರ್ಥ ಈ ಹಿನ್ನೆಲೆಯಲ್ಲಿ ಬೇರೆಯೇ ತೂಕ ಪಡೆಯುತ್ತದೆ.

ಟೆಲಿವಿಷನ್ ಚರಿತ್ರೆಯಲ್ಲಿ ಈ ಸೀಮೆಗೆ ಇನ್ನೂ ಒಂದು ಸ್ಥಾನವಿದೆ, ಅದನ್ನು ಇಲ್ಲಿಯವರೇ ಮರೆತಂತಿದೆ. ಕರ್ನಾಟಕಕ್ಕೆ ಟೆಲಿವಿಷನ್ ಮೊದಲು ಬಂದದ್ದು ಬೆಂಗಳೂರಿಗಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಇಸ್ರೊ ಮತ್ತು ಅಮೆರಿಕದ ನಾಸಾ ಸೇರಿ ನಡೆಸಿದ ‘ಸೈಟ್’ ಎಂಬ ಪ್ರಯೋಗ, ಅಂದರೆ ಉಪಗ್ರಹದಿಂದ ನೇರವಾಗಿ ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮ ಬಿತ್ತರಿಸುವ ಯೋಜನೆ, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿಕೊಂಡಿತು. ಕರ್ನಾಟಕದಲ್ಲಿ ಅದು ಆರಿಸಿದ್ದು ಕಲಬುರಗಿ, ವಿಜಯಪುರ ಮತ್ತು ರಾಯಚೂರು ಜಿಲ್ಲೆಗಳನ್ನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಆಗ ರಾಯಚೂರು ಜಿಲ್ಲೆಯ ಭಾಗವಾಗಿದ್ದವು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಇಟ್ಟ ಒಂದೇ ಸಮುದಾಯ ಟಿ.ವಿ.ಗೆ ತಂತಿಬಲೆಯಿಂದ ಮಾಡಿದ ಅಗಲವಾದ ಆಂಟೆನಾ ಸಂಕೇತ ಹಿಡಿದುಕೊಡುತ್ತಿತ್ತು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಎಂದು ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ ನಡೆಯುತ್ತಿತ್ತು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು ಅದಾದ ಆರು ವರ್ಷಕ್ಕೆ, 1981ರ ನವೆಂಬರ್ 1ರಂದು. ಹೀಗೆ ರಾಜಧಾನಿಗಿಂತ ಮೊದಲು ಈ ಹಳ್ಳಿಗಳು ಪರದೆಯ ಮುಂದೆ ಕುಳಿತವು, ಮತ್ತು ಮನರಂಜನೆಗಾಗಿ ಮಾತ್ರವಲ್ಲದೆ ಕಲಿಯುವುದಕ್ಕಾಗಿ ಕುಳಿತವು.

‘ಥಟ್ ಅಂತ ಹೇಳಿ’ ಆ ಹಳೆಯ ಆಶಯದ ಮುಂದುವರಿಕೆ ಎಂದರೆ ತಪ್ಪಾಗದು. ಮೂವರು ಸ್ಪರ್ಧಿಗಳು, ಒಬ್ಬ ಪ್ರಶ್ನಕಾರ, ಸರಳವಾದ ವೇದಿಕೆ, ಇಷ್ಟರಲ್ಲಿಯೇ ಕಾರ್ಯಕ್ರಮ ಮುಗಿಯುತ್ತದೆ. ಕತ್ತಲೆ ಬೆಳಕಿನ ಆಟವಾಗಲಿ, ಎದೆ ಡವಗುಟ್ಟಿಸುವ ಸಂಗೀತವಾಗಲಿ, ಸ್ಪರ್ಧಿಯ ಕಷ್ಟಗಳನ್ನು ತೋರಿಸಿ ಕಣ್ಣೀರು ತರಿಸುವ ಚಿತ್ರಿಕೆಯಾಗಲಿ ಅಲ್ಲಿಲ್ಲ. ಗೆದ್ದವರಿಗೆ ಸಿಗುವುದು ಕನ್ನಡ ಪುಸ್ತಕ. ಇಂಥ ಕಾರ್ಯಕ್ರಮ ಮೂರು ಸಾವಿರಕ್ಕೂ ಹೆಚ್ಚು ಕಂತುಗಳನ್ನು ದಾಟಿ, ಲಿಮ್ಕಾ ದಾಖಲೆಗಳ ಪುಸ್ತಕವನ್ನೂ ಸೇರಿತು. ‘ಥಟ್’ ಎಂಬುದು ಯೋಚಿಸಲು ಎಡೆಗೊಡದ ವೇಗವನ್ನು ಸೂಚಿಸುವ ಅನುಕರಣ ಶಬ್ದ; ಆದರೆ ಸ್ಪರ್ಧಿ ಥಟ್ಟನೆ ಉತ್ತರಿಸುವ ಆ ಕ್ಷಣಕ್ಕಾಗಿ ಪ್ರಶ್ನೆ ರಚಿಸುವವರು ವ್ಯಯಿಸುವ ಕಾಲ ನಿಧಾನದ್ದು. ಆ ನಿಧಾನವೇ ಈ ವೃತ್ತಿಯ ಜೀವಾಳ.

ಅದು ಹೇಗೆಂಬುದಕ್ಕೆ ಕೊಪ್ಪಳದ ಸಂಗತಿಗಳೇ ಒಳ್ಳೆಯ ನಿದರ್ಶನ. ‘ಕೊಪ್ಪಳದಲ್ಲಿ ಅಶೋಕನ ಶಾಸನವಿರುವ ಸ್ಥಳ ಯಾವುದು?’ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಲೀಸಾಗಿ ಕಾಣುತ್ತದೆ, ಆದರೆ ಗವಿಮಠದ ಬೆಟ್ಟದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಮತ್ತೊಂದು, ಹೀಗೆ ಎರಡು ಶಾಸನಗಳಿರುವುದರಿಂದ ಅದು ಕೆಟ್ಟ ಪ್ರಶ್ನೆ. ಒಬ್ಬ ಸ್ಪರ್ಧಿ ಒಂದನ್ನೂ ಇನ್ನೊಬ್ಬ ಮತ್ತೊಂದನ್ನೂ ಹೇಳಿದರೆ ಇಬ್ಬರೂ ಸರಿ, ಆಟವೇ ತಪ್ಪು. ‘ಕೊಪ್ಪಳ ಜಿಲ್ಲೆಯಲ್ಲಿ ಎಷ್ಟು ತಾಲ್ಲೂಕುಗಳಿವೆ?’ ಎಂದು ಕೇಳಿದರೆ, ಜಿಲ್ಲೆ ರಚನೆಯಾದಾಗ ನಾಲ್ಕಿದ್ದವು, ಕುಕನೂರು, ಕನಕಗಿರಿ, ಕಾರಟಗಿ ಸೇರಿದ ಮೇಲೆ ಏಳಾದವು, ಆದ್ದರಿಂದ ಹಳೆಯ ಪಠ್ಯಪುಸ್ತಕ ಓದಿ ಬಂದವನು ಪ್ರಾಮಾಣಿಕವಾಗಿಯೇ ಸೋಲುತ್ತಾನೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯದ ವಿಷಯವೂ ಹೀಗೆಯೇ: ಅದು ಯಾವ ತಾಲ್ಲೂಕಿನಲ್ಲಿದೆ ಎಂದರೆ ಒಂದು ತಲೆಮಾರು ಯಲಬುರ್ಗಾ ಎಂದೀತು, ಇನ್ನೊಂದು ಕುಕನೂರು ಎಂದೀತು; ಶಾಸನವು ಅದನ್ನು ಏನೆಂದು ಬಣ್ಣಿಸಿದೆ ಎಂದು ಕೇಳಿದರೆ ಮಾತ್ರ ‘ದೇವಾಲಯ ಚಕ್ರವರ್ತಿ’ ಎಂಬ ಉತ್ತರ ಇಂದಿಗೂ ನಾಳೆಗೂ ಬದಲಾಗದೆ ನಿಲ್ಲುತ್ತದೆ. ‘ಕರ್ನಾಟಕಕ್ಕೆ ಟೆಲಿವಿಷನ್ ಬಂದ ವರ್ಷ ಯಾವುದು?’ ಎಂಬುದೂ, ಮೇಲೆ ಹೇಳಿದ ಕಾರಣಕ್ಕೆ, ಎರಡು ಉತ್ತರಗಳ ಪ್ರಶ್ನೆಯೇ. ಒಂದೇ ಉತ್ತರ ಇರಬೇಕು, ಆ ಉತ್ತರಕ್ಕೆ ಆಧಾರ ಇರಬೇಕು, ಪ್ರಸಾರವಾಗುವ ದಿನವೂ ಅದು ನಿಜವಾಗಿಯೇ ಉಳಿದಿರಬೇಕು. ಸುದ್ದಿ ಸಂಪಾದಕನು ವರದಿಗಾರನಿಂದ ಬಯಸುವ ಶಿಸ್ತು ಇದಕ್ಕಿಂತ ಬೇರೆಯದಲ್ಲ.

ಈ ಎರಡು ವೃತ್ತಿಗಳನ್ನು ಒಂದೇ ಬದುಕಿನಲ್ಲಿ ನಡೆಸಿದವರಲ್ಲಿ ಅಮೆರಿಕದ ಜಾನ್ ಚಾರ್ಲ್ಸ್ ಡೇಲಿ ಮುಖ್ಯರು. ಸಿ.ಬಿ.ಎಸ್. ರೇಡಿಯೊದ ವರದಿಗಾರರಾಗಿದ್ದ ಅವರು 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲಿನ ದಾಳಿಯ ಸುದ್ದಿಯನ್ನೂ, 1945ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ನಿಧನದ ಸುದ್ದಿಯನ್ನೂ ಕೇಳುಗರಿಗೆ ಮುಟ್ಟಿಸಿದರು. 1950ರಿಂದ 1967ರವರೆಗೆ ‘ವಾಟ್ಸ್ ಮೈ ಲೈನ್’ ಎಂಬ ಆಟವನ್ನು ನಡೆಸಿದರು. ಅತಿಥಿಯ ಉದ್ಯೋಗ ಏನೆಂಬುದನ್ನು ‘ಹೌದು’, ‘ಇಲ್ಲ’ ಎಂಬ ಉತ್ತರಗಳಿಂದಲೇ ನಾಲ್ವರು ಪತ್ತೆಹಚ್ಚಬೇಕಾಗಿದ್ದ ಆ ಆಟದಲ್ಲಿ ಒಂದೊಂದು ‘ಇಲ್ಲ’ಕ್ಕೂ ಅತಿಥಿಗೆ ಐದು ಡಾಲರ್, ಹೆಚ್ಚೆಂದರೆ ಐವತ್ತು ಡಾಲರ್ ಸಿಗುತ್ತಿತ್ತು. ಅದೇ ದಶಕದಲ್ಲಿ ಲಕ್ಷ ಡಾಲರ್‌ಗಳ ಬಹುಮಾನವಿಟ್ಟ ಕಾರ್ಯಕ್ರಮಗಳೂ ಹುಟ್ಟಿಕೊಂಡವು. ಅವುಗಳಲ್ಲೊಂದಾದ ‘ಟ್ವೆಂಟಿ ಒನ್’ನ ಜನಪ್ರಿಯ ವಿಜೇತ, ಕೊಲಂಬಿಯಾ ವಿಶ್ವವಿದ್ಯಾಲಯದ ಬೋಧಕ ಚಾರ್ಲ್ಸ್ ವ್ಯಾನ್ ಡೊರೆನ್, ಉತ್ತರಗಳನ್ನು ತನಗೆ ಮೊದಲೇ ಕೊಡಲಾಗುತ್ತಿತ್ತೆಂದು 1959ರ ನವೆಂಬರ್‌ನಲ್ಲಿ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡರು. ಆ ಬಳಿಕ ರಸಪ್ರಶ್ನೆಯ ಫಲಿತಾಂಶವನ್ನು ಗುಟ್ಟಾಗಿ ನಿರ್ಧರಿಸುವುದು ಅಲ್ಲಿ ಕಾನೂನಿನ ಪ್ರಕಾರವೇ ಅಪರಾಧವಾಯಿತು. ಐವತ್ತು ಡಾಲರ್‌ನ ಆಟ ಆ ಬಿರುಗಾಳಿಯನ್ನು ದಾಟಿ ಡೇಲಿಯವರ ಕೈಯಲ್ಲಿ ಇನ್ನೂ ಎಂಟು ವರ್ಷ ಬಾಳಿತು.

ಬ್ರಿಟನ್ನಿನಲ್ಲಿ ಐಸ್‌ಲ್ಯಾಂಡ್ ಮೂಲದ ಮ್ಯಾಗ್ನಸ್ ಮ್ಯಾಗ್ನಸ್ಸನ್ ಸ್ಕಾಟ್ಲೆಂಡಿನ ಪತ್ರಿಕೆಗಳಲ್ಲಿ ದುಡಿದು, ಬಿ.ಬಿ.ಸಿ.ಗೆ ಬಂದು, 1972ರಿಂದ 25 ವರ್ಷ ‘ಮಾಸ್ಟರ್‌ಮೈಂಡ್’ ನಡೆಸಿದರು. ಅದರ ಕರಿಯ ಕುರ್ಚಿ ಮತ್ತು ಮುಖಕ್ಕೆ ಬೀಳುವ ಬೆಳಕು, ಅದನ್ನು ರೂಪಿಸಿದ ಬಿಲ್ ರೈಟ್ ಅವರು ಯುದ್ಧಕೈದಿಯಾಗಿ ನಾಜಿಗಳಿಂದ ಎದುರಿಸಿದ ವಿಚಾರಣೆಯ ನೆನಪಿನಿಂದ ಬಂದವು. ಅಲ್ಲಿಯೂ ಬಹುಮಾನವೆಂದರೆ ಒಂದು ಗಾಜಿನ ಪಾತ್ರೆ, ಹಣವಲ್ಲ. ಈಗ ಆ ಕುರ್ಚಿಯ ಎದುರು ಕೂರುವ ಕ್ಲೈವ್ ಮೈರಿ ಕೂಡ ಸುದ್ದಿ ಓದುವವರೇ.

ಭಾರತದಲ್ಲಿ ಈ ದಾರಿ ಬೇರೆ ತಿರುವು ಪಡೆಯಿತು. 1985ರಲ್ಲಿ ಸಿದ್ಧಾರ್ಥ ಬಸು ಅವರ ‘ಕ್ವಿಜ್ ಟೈಮ್’ ದೂರದರ್ಶನದಲ್ಲಿ ಇಂಗ್ಲಿಷ್ ಬಲ್ಲ ಕಾಲೇಜು ವಿದ್ಯಾರ್ಥಿಗಳ ಆಟವಾಗಿ ಬಂತು. 2000ದ ಜುಲೈ 3ರಂದು ಆರಂಭವಾದ ‘ಕೌನ್ ಬನೇಗಾ ಕರೋಡ್‌ಪತಿ’ ನಿರೂಪಕನ ಪೀಠವನ್ನು ಚಿತ್ರನಟನಿಗೆ ಒಪ್ಪಿಸಿತು. ಕನ್ನಡದಲ್ಲಿ 2012ರ ಮಾರ್ಚ್‌ನಲ್ಲಿ ಆರಂಭವಾದ, ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ ಅದೇ ಮಾದರಿಯದು. ಸಾಮಾನ್ಯ ಮನೆಯಿಂದ ಬಂದ ಸ್ಪರ್ಧಿಯನ್ನು ಸಮಾಧಾನವಾಗಿ ಮಾತಾಡಿಸಿ ಅವರ ಅಳುಕು ಕಳೆಯುವ ಗುಣ ಪುನೀತ್ ಅವರಲ್ಲಿತ್ತು, ಅದನ್ನು ನಾಡು ಪ್ರೀತಿಯಿಂದ ನೆನೆಯುತ್ತದೆ. ಆದರೂ ಕೋಟಿಯ ಆಟದಲ್ಲಿ ನೋಡುಗನ ಕಣ್ಣು ಹಣದ ಏಣಿಯ ಮೇಲಿರುತ್ತದೆ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಊಹಿಸುವ ಧೈರ್ಯವೂ ಅಲ್ಲಿ ವಿದ್ಯೆಯಷ್ಟೇ ಕೆಲಸ ಮಾಡುತ್ತದೆ. ಪುಸ್ತಕದ ಆಟದಲ್ಲಿ ಪ್ರಶ್ನೆಯ ಮೇಲಲ್ಲದೆ ಬೇರೆಲ್ಲೂ ಕಣ್ಣು ಹೋಗಲು ಜಾಗವಿಲ್ಲ. ಬಹುಮಾನವನ್ನು ಚಿಕ್ಕದಾಗಿಟ್ಟದ್ದು ಸರ್ಕಾರಿ ವಾಹಿನಿಯ ಬಡತನದಿಂದ ಎಂದು ತೋರಬಹುದಾದರೂ, ಡೇಲಿಯ ಐವತ್ತು ಡಾಲರ್‌ಗಳನ್ನೂ ಮ್ಯಾಗ್ನಸ್ಸನ್ನರ ಗಾಜಿನ ಪಾತ್ರೆಯನ್ನೂ ನೆನೆದರೆ, ಪ್ರಶ್ನೆಯ ಮರ್ಯಾದೆಯನ್ನು ಕಾಪಾಡುವುದಕ್ಕೆ ಅದಕ್ಕಿಂತ ಗಟ್ಟಿಯಾದ ಬೇಲಿ ಇಲ್ಲವೆಂದೇ ಹೇಳಬೇಕಾಗುತ್ತದೆ.

ವೈದ್ಯರೊಬ್ಬರು ಈ ಪೀಠದಲ್ಲಿದ್ದುದರಿಂದ ಕನ್ನಡಕ್ಕೆ ಆದ ಲಾಭವೂ ಸಣ್ಣದಲ್ಲ. ದೇಹದ ಅಂಗ, ರೋಗ, ಔಷಧ ಇವುಗಳ ಹೆಸರುಗಳನ್ನು ಕನ್ನಡದಲ್ಲಿ ಹೇಳಿ, ಕೂಡಲೇ ಜನ ಬಳಸುವ ಮಾತಿನಲ್ಲಿ ಬಿಡಿಸಿಡುವುದು ಆರೋಗ್ಯ ಪತ್ರಿಕೆಯ ಸಂಪಾದಕನಿಗೆ ದಿನನಿತ್ಯದ ಅಭ್ಯಾಸ. ಉತ್ತರ ಹೇಳಿ ಸುಮ್ಮನಾಗದೆ ಅದರ ಹಿಂದಿನ ಕಾರಣವನ್ನು ಎರಡು ಮಾತಿನಲ್ಲಿ ಸೇರಿಸುವ ಸೋಮೇಶ್ವರರ ರೀತಿ ಆ ಅಭ್ಯಾಸದ ಫಲ. ಸ್ಪರ್ಧಿ ತಪ್ಪಿದಾಗ ಸರಿಯುತ್ತರದೊಂದಿಗೆ ಈ ವಿವರಣೆಯೂ ಸಿಗುವುದರಿಂದ, ಸೋತವನೂ ಮನೆಯಲ್ಲಿ ಕುಳಿತು ನೋಡುವವನೂ ಬರಿಗೈಯಲ್ಲಿ ಏಳುವುದಿಲ್ಲ.

2013ರಲ್ಲಿ ಜಾರಿಗೆ ಬಂದ ಸಂವಿಧಾನದ 371 (ಜೆ) ವಿಧಿ, ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ಸ್ಥಳೀಯ ಮೀಸಲಾತಿಗೆ ದಾರಿ ಮಾಡಿಕೊಟ್ಟ ಮೇಲೆ, ಈ ಸೀಮೆಯ ಯುವಕ ಯುವತಿಯರಿಗೆ ಸ್ಪರ್ಧಾ ಪರೀಕ್ಷೆಯ ಸಾಮಾನ್ಯ ಜ್ಞಾನ ಬದುಕಿನ ಪ್ರಶ್ನೆಯೇ ಆಗಿದೆ. ತರಬೇತಿ ಕೇಂದ್ರಗಳಿಗಾಗಿ ಧಾರವಾಡಕ್ಕೋ ಬೆಂಗಳೂರಿಗೋ ಹೋಗಲಾರದ, ಹಗಲೆಲ್ಲ ಮಗ್ಗದಲ್ಲೋ ಕೂದಲಿನ ಘಟಕದಲ್ಲೋ ದುಡಿಯುವವರಿಗೆ ‘ಥಟ್ ಅಂತ ಹೇಳಿ’ಯ ಹಳೆಯ ಕಂತುಗಳು ಚಂದನ ವಾಹಿನಿಯ ಯೂಟ್ಯೂಬ್ ತಾಣದಲ್ಲಿ ಬಿಟ್ಟಿಯಾಗಿ ದೊರೆಯುತ್ತವೆ, ಪ್ರಶ್ನೆ ಮುಗಿದ ಕೂಡಲೇ ವಿಡಿಯೊ ನಿಲ್ಲಿಸಿ, ತನ್ನ ಉತ್ತರವನ್ನು ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ಸೋಮೇಶ್ವರರ ದನಿಗೆ ಕಿವಿಗೊಡಲು ಒಂದು ಮೊಬೈಲ್ ಸಾಕು.