ತೀರ ದಾಟಿದ ಮೇಲೂ ಮುಗಿಯದ ಚಂಡಮಾರುತ

"ದಾಟಿ ಆಯ್ತಲ್ಲ, ಇನ್ನೇನು ಭಯ?" ಚಂಡಮಾರುತ ಬಂದಾಗಲೆಲ್ಲ ಈ ಮಾತು ಕೇಳಿ ಕೇಳಿ ರೋಸಿಹೋಗಿದ್ದೇನೆ. ಓದಿದವರೂ ಹೀಗೇ ನಂಬಿದ್ದಾರೆ. ಟಿವಿಯವರು ಎರಡು ದಿನ ಗಂಟಲು ಹರಿದುಕೊಂಡು, ಅದು ದಡಕ್ಕೆ ಅಪ್ಪಳಿಸಿದ ಮರುಗಳಿಗೆ ಬೇರೆ ಸುದ್ದಿಗೆ ಹೊರಳುತ್ತಾರೆ. ನೋಡುವವರಿಗೆ ಅದೇ ಪಾಠ.

ಇಂಥವರಿಗೆಲ್ಲ ನಾನು ಹೇಳುವುದು ಫ್ರೆಡ್ಡಿ ಚಂಡಮಾರುತದ ಕತೆ. 2023ರ ಫೆಬ್ರವರಿ ಮೊದಲ ವಾರ ಆಸ್ಟ್ರೇಲಿಯಾದ ವಾಯವ್ಯದ ಕಡಲಲ್ಲಿ ಹುಟ್ಟಿ, ಇಡೀ ಹಿಂದೂ ಮಹಾಸಾಗರ ಹಾಯ್ದು, 21ರಂದು ಮಡಗಾಸ್ಕರ್‌ನ ಮನಂಜರಿ ಬಳಿ ದಡ ಹತ್ತಿತು. ದ್ವೀಪದ ಬೆಟ್ಟಗಳನ್ನು ದಾಟಿ ಆಚೆಯ ಕಡಲಿಗಿಳಿದು, 24ರಂದು ಮೊಜಾಂಬಿಕ್‌ನ ವಿಲಂಕುಲೊ ಹತ್ತಿರ ಮತ್ತೆ ನೆಲ ಮುಟ್ಟಿತು. ಒಳನಾಡಿನಲ್ಲಿ ಮಳೆ ಸುರಿಸುತ್ತ ಸೊರಗಿತು. ಆಮೇಲೆ ಬಂದತ್ತಲೇ ಹಿಂತಿರುಗಿ ಕಡಲಿಗಿಳಿದು, ಅಲ್ಲಿನ ಬೆಚ್ಚನೆ ನೀರಿನ ಮೇಲೆ ಚೇತರಿಸಿಕೊಂಡು, ಮಾರ್ಚ್ 11ರಂದು ಕೆಲಿಮಾನೆ ಬಳಿ ಅದೇ ದೇಶಕ್ಕೆ ಎರಡನೇ ಸಲ ಅಪ್ಪಳಿಸಿತು. ಅದರ 36 ದಿನಗಳ ಆಯಸ್ಸನ್ನು ವಿಶ್ವ ಹವಾಮಾನ ಸಂಸ್ಥೆ ದಾಖಲೆಯೆಂದು ಒಪ್ಪಿದೆ.

ಕಡಲಿನ ಆವಿಯೇ ಚಂಡಮಾರುತದ ಆಹಾರ. ನೆಲ ಹತ್ತಿದರೆ ಅದು ಸಿಗದೆ ಗಾಳಿ ಇಳಿಯುತ್ತದೆ ಎಂಬುದು ನಿಜವೇ. ಆದರೆ ಸುಳಿ ಒಮ್ಮೆಲೇ ಬಿಚ್ಚಿಹೋಗುವುದಿಲ್ಲ, ಹೊತ್ತು ತಂದ ನೀರೂ ಎಲ್ಲಿಗೂ ಹೋಗುವುದಿಲ್ಲ. ಗುಡ್ಡ ಅಡ್ಡ ಸಿಕ್ಕರೆ ಅಲ್ಲೇ ಸುರಿಯುತ್ತದೆ. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ 'ದುರ್ಬಲಗೊಂಡಿದೆ' ಎಂದು ಬರೆಯುವುದು ಗಾಳಿಯ ವೇಗ ನೋಡಿ. ಮಳೆಗೆ ಆ ಲೆಕ್ಕ ಅನ್ವಯಿಸುವುದಿಲ್ಲ, ಇದನ್ನು ಎಷ್ಟು ಸಲ ಹೇಳಬೇಕೋ!

ನಡುಗಡಲಿನಲ್ಲಿ ಫ್ರೆಡ್ಡಿ ಅತ್ಯುಗ್ರವಾಗಿದ್ದಾಗ ಅದರ ಕೆಳಗೆ ಇದ್ದದ್ದು ಬರೀ ನೀರು. ಅತಿ ಹೆಚ್ಚು ಜನ ಸತ್ತದ್ದು ಸಮುದ್ರವೇ ಇಲ್ಲದ ಮಲಾವಿಯಲ್ಲಿ, ಅದೂ ಗಾಳಿ ಇಳಿದ ಮೇಲೆ. ಅಲ್ಲಿನ ದಕ್ಷಿಣ ಭಾಗದಲ್ಲಿ ಆರು ತಿಂಗಳ ಮಳೆ ಆರು ದಿನದಲ್ಲಿ ಬಿತ್ತು. ಬ್ಲಾಂಟೈರ್ ನಗರದ ಚಿಲೊಬ್ವೆಯಲ್ಲಿ ಬೆಟ್ಟದ ಬುಡಕ್ಕೆ ಒತ್ತಿಕೊಂಡಿದ್ದ ಮನೆಗಳ ಮೇಲೆ ರಾತ್ರಿ ಕೆಸರು, ಬಂಡೆ, ಮರ ಎಲ್ಲವೂ ಒಟ್ಟಿಗೆ ಇಳಿದವು. ಬೆಳಗಾದ ಮೇಲೆ ಜನ ಸಲಿಕೆ ಹಿಡಿದು, ಸಲಿಕೆ ಇಲ್ಲದವರು ಬರಿಗೈಯಲ್ಲಿ, ತಮ್ಮವರನ್ನು ಅಗೆದು ಹುಡುಕಿದರು. ಮೂರೂ ದೇಶಗಳಲ್ಲಿ ಸತ್ತವರು ಮತ್ತು ಸಿಗದೇ ಹೋದವರು ಸೇರಿ ಸಾವಿರಕ್ಕೂ ಹೆಚ್ಚು.

ದೂರದ ಮಾತೇಕೆ, 2018ರ ನವೆಂಬರ್‌ನಲ್ಲಿ ಗಜ ಚಂಡಮಾರುತ ವೇದಾರಣ್ಯದ ಬಳಿ ತೀರ ದಾಟಿ, ತಮಿಳುನಾಡು, ಕೇರಳ ಹಾಯ್ದು ಅರಬ್ಬಿ ಸಮುದ್ರಕ್ಕೇ ಇಳಿಯಿತು.

ಇನ್ನು ಕೆಲವರು ಉದ್ದ ಬಾಳಿದ್ದೇ ಅತಿ ಬಲಶಾಲಿ ಅನ್ನುತ್ತಾರೆ. ಆದರೆ ಫ್ರೆಡ್ಡಿ ಅಷ್ಟೂ ದಿನ ಸೊರಗುತ್ತ ಬಲಿಯುತ್ತ ಸಾಗಿತ್ತು. ದಡಕ್ಕೆ ಬಾರದಿದ್ದರೆ ಹಾನಿಯಿಲ್ಲ ಅನ್ನುವವರು 2021ರಲ್ಲಿ ತೌಕ್ತೆ ಚಂಡಮಾರುತ ದೂರದಿಂದಲೇ ಹಾದುಹೋದಾಗ ಉಳ್ಳಾಲದಲ್ಲಾದ ಕಡಲ್ಕೊರೆತವನ್ನು ನೆನಪಿಸಿಕೊಳ್ಳಲಿ.

ಎಲ್ಲಕ್ಕಿಂತ ಕಳವಳ ತರುವುದು ವಾಟ್ಸಾಪ್. ಅಮೆರಿಕದವರು ಯಂತ್ರ ತಿರುಗಿಸಿ ಚಂಡಮಾರುತ ಎಬ್ಬಿಸುತ್ತಾರಂತೆ! ಜಗತ್ತಿನ ವಿದ್ಯುತ್ ಸ್ಥಾವರಗಳೆಲ್ಲ ಸೇರಿದರೂ ಒಂದು ಚಂಡಮಾರುತದ ಶಾಖಕ್ಕೆ ಸಾಟಿಯಾಗವು. ಆ ಯಂತ್ರದ ಕತೆಯನ್ನು ಹತ್ತು ಜನಕ್ಕೆ ಕಳಿಸುವವರು, ತೀರ ದಾಟಿದ ಮೇಲೂ ಹವಾಮಾನ ಇಲಾಖೆ ಜಿಲ್ಲೆವಾರು ಕೊಡುವ ಮಳೆಯ ಎಚ್ಚರಿಕೆಯನ್ನು ಒಬ್ಬರಿಗೂ ಕಳಿಸುವುದಿಲ್ಲ. ಗುಡ್ಡದ ಕೆಳಗೆ ಮನೆ ಇರುವವರಿಗೆ ಆ ರಾತ್ರಿ ಬೇಕಾಗಿರುವುದು ಅದೊಂದೇ.