ಹೊಸೆದ ಎಳೆ, ಹುರಿಗೊಂಡ ಹಗ್ಗ

ಇಂಗ್ಲಿಷ್ ಪಾಠದಲ್ಲಿ ‘ಎಂಟ್ವೈನ್’ ಎಂಬ ಕ್ರಿಯಾಪದ ಬಂದಾಗ ಮಕ್ಕಳು ಅದರ ಅರ್ಥ ಕೇಳುತ್ತಾರೆ. ‘ಸುತ್ತಿಕೊಳ್ಳು’ ಎಂದರೆ ಅರ್ಧ ಅರ್ಥವಷ್ಟೇ ಆಯಿತು. ಬಳ್ಳಿ ಕಂಬಕ್ಕೆ ಸುತ್ತಿಕೊಳ್ಳುವುದಕ್ಕೂ, ಬೆರಳಿಗೆ ಬೆರಳು ಹೆಣೆದುಕೊಳ್ಳುವುದಕ್ಕೂ, ಎರಡು ಬಾಳು ಒಂದಕ್ಕೊಂದು ಬೆಸೆದುಕೊಳ್ಳುವುದಕ್ಕೂ ಇಂಗ್ಲಿಷರಿಗೆ ಆ ಒಂದೇ ಪದ ಸಾಕು. ಅದರೊಳಗಿನ ‘ಟ್ವೈನ್’ ಎಂದರೆ ಹುರಿದಾರ. ಎರಡು ಎಂಬರ್ಥದ ‘ಟೂ’ ಪದದ ಬಳಗಕ್ಕೆ ಸೇರಿದ್ದು.

ಕನ್ನಡದಲ್ಲಾದರೋ ಕೈಕೆಲಸಕ್ಕೊಂದು ಮಾತು. ಬತ್ತಿಯನ್ನು ಹೊಸೆಯುತ್ತೇವೆ; ಜಡೆ, ಚಾಪೆ, ಬುಟ್ಟಿಗಳನ್ನು ಹೆಣೆಯುತ್ತೇವೆ; ಒದ್ದೆ ಬಟ್ಟೆಯನ್ನು ಹಿಂಡುವಾಗ ತಿರುಚುತ್ತೇವೆ; ಎಳೆಗಳನ್ನು ಕೂಡಿಸಿ ಹುರಿಗೊಳಿಸುತ್ತೇವೆ. ಹುರಿಗೊಂಡದ್ದು ಗಟ್ಟಿ; ಧೈರ್ಯ ತುಂಬುವುದಕ್ಕೆ ‘ಹುರಿದುಂಬಿಸು’ ಎನ್ನುವುದೂ ಅದರಿಂದಲೇ. ಹಳಗನ್ನಡದಲ್ಲಿ ಇದು ‘ಪುರಿ’. ನೆರೆಮನೆಯ ಮಲಯಾಳದ ‘ಪಿರಿ’ಯೂ ಇದೇ ಬೇರಿನದು.

ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ಇನ್ನೊಂದು ಸೀಮೆಯನ್ನೂ ನೋಡೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ ಬೀದರ್ ಜಿಲ್ಲೆಯ ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, 1960ರಲ್ಲಿ ಮಹಾರಾಷ್ಟ್ರದ್ದಾದವು. ಆ ಕಡೆಯ ಶಿರೂರ ಅನಂತಪಾಳ ಈಗ ಲಾತೂರು ಜಿಲ್ಲೆಯ ಒಂದು ತಾಲೂಕು ಕೇಂದ್ರ. ಅಲ್ಲಿಯೂ ಮನೆಮಾತು ಕನ್ನಡ, ಕಚೇರಿಯ ಮಾತು ಬೇರೆ ಎಂಬ ಕುಟುಂಬಗಳಿವೆ. ನಮಗೆ ತೆಂಗಿನ ನಾರಿನ ಹಗ್ಗ. ಅತ್ತ ಪುಂಡಿ ನಾರಿನದು. ಆ ಗಿಡವನ್ನೇ ಮರಾಠಿಗರು ಅಂಬಾಡಿ ಎನ್ನುತ್ತಾರೆ; ಸೊಪ್ಪು ಪಲ್ಯಕ್ಕೆ, ನಾರು ಹಗ್ಗಕ್ಕೆ. ಹುರಿಗೆ ಅವರ ಮಾತು ‘ಪೀಳ’. ಹಗ್ಗ ಸುಟ್ಟರೂ ಪೀಳ ಹೋಗದು ಎಂಬುದು ಅವರ ಗಾದೆ. ಸೊಕ್ಕಿನವರನ್ನು ಹಳಿಯುವ ಗಾದೆ ಅದು. ಆದರೂ ನುಡಿಯನ್ನು ಬಿಡದವರಿಗೆ ಮೆಚ್ಚುಗೆಯಾಗಿ ಸಲ್ಲಬಹುದು.

ಹಗ್ಗದ ಗುಟ್ಟು ಇಷ್ಟೇ. ಮೊದಲು ಪ್ರತಿಯೊಂದು ಎಳೆಯನ್ನೂ ಒಂದು ದಿಕ್ಕಿಗೆ ಹೊಸೆಯಬೇಕು. ಅನಂತರ ಎಲ್ಲವನ್ನೂ ಕೂಡಿಸಿ ಎದುರು ದಿಕ್ಕಿಗೆ ಹುರಿಗೊಳಿಸಬೇಕು. ಆಗ ಬಿಚ್ಚಿಕೊಳ್ಳಲು ಹೊರಟ ಎಳೆಗಳೇ ಒಂದನ್ನೊಂದು ಬಿಗಿಹಿಡಿಯುತ್ತವೆ. ಹೊಸೆಯದ ನಾರನ್ನು ಸೇರಿಸಿದರೆ ಜಗ್ಗಿದೊಡನೆ ಜಾರುತ್ತದೆ.

ಮಕ್ಕಳ ಮಾತೂ ಹಾಗೆಯೇ. ಮಲಯಾಳವೂ ಬೇಕು, ಇಂಗ್ಲಿಷೂ ಬೇಕು. ಗಡಿನಾಡಿನ ಬದುಕು ಹಲವೆಳೆಯ ಹಗ್ಗ. ಆದರೆ ಕನ್ನಡದ ಎಳೆಯನ್ನು ಮೊದಲು ಮನೆಯಲ್ಲಿ ಹೊಸೆದು ಗಟ್ಟಿಮಾಡಬೇಕು. ನೈಲಾನ್ ಹಗ್ಗ ಬಂದ ಮೇಲೆ ಹೊಸೆಯುವ ಕೈಗಳು ಕಡಿಮೆಯಾದವು. ಕೆಲಸದೊಂದಿಗೆ ಮಾತೂ ಮರೆಯಾಗುತ್ತಿದೆ. ಮುಂದಿನ ಹಬ್ಬಕ್ಕೆ ಬತ್ತಿಯನ್ನು ಅಂಗಡಿಯಿಂದ ತರುವ ಬದಲು ಮಕ್ಕಳನ್ನು ಕೂರಿಸಿಕೊಂಡು ಹೊಸೆಯೋಣ. ‘ಹೊಸೆ’ ಎಂಬುದು ಅವರ ಅಂಗೈಗೆ ಹತ್ತಿದರೆ ‘ಎಂಟ್ವೈನ್’ ತಲೆಗೆ ಹತ್ತಲು ತಡವಾಗದು.